ಪಗಾರ ಇಲ್ಲ ಅಂತ ಬರೆದುಕೊಟ್ಟದ್ದು

ಆ ವರ್ಷಗಳಲ್ಲಿ ನಾನು ಕೂತಲ್ಲಿ ಕೂರುತ್ತಿರಲಿಲ್ಲ. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಮನೆಮನೆಗೂ ಬೀಡಿ ಕಟ್ಟುವ ಹೆಂಗಸರು. ಅವರ ಸಂಘಕ್ಕೆ ಅರ್ಜಿ ಬರೆಯುವವಳು ನಾನೊಬ್ಬಳೇ. ಕೆಲಸ ಇರಲಿ ಬಿಡಲಿ, ಪ್ರತಿ ಹೆಣ್ಣಿಗೂ ಸರಕಾರ ತಿಂಗಳಿಗಿಷ್ಟು ಎಂದು ಕೊಡಲೇಬೇಕು, ಇದು ನಮ್ಮ ಬೇಡಿಕೆ. ಅದಕ್ಕೊಂದು ಹೆಸರು ಬೇಕಿತ್ತು. ಸಹಾಯಧನ ಎಂದರೆ ಎಲ್ಲರೂ ಮೂಗು ಮುರಿದರು. "ಭಿಕ್ಷಾ ಬೇಡಾಕತ್ತೇವೇನು?" ಎಂದಳು ನನ್ನ ಮೌಶಿ, ಅವ್ವನ ತಂಗಿ. ಕಡೆಗೆ ನಾನೇ 'ಪಗಾರ' ಎಂದು ಬರೆದೆ.

ಬೀಡಿ ಕಟ್ಟಿದರೆ ಸಿಗುವುದು ಮಜೂರಿ. ಎಲೆ ಬಂದ ದಿನ ಉಂಟು, ಬರದ ದಿನ ಇಲ್ಲ. ತಿಂಗಳಾದರೆ ತಪ್ಪದೆ ಕೈಗೆ ಬರುವ ಪಗಾರ ಏನಿದ್ದರೂ ಮಾಸ್ತರರಿಗೆ, ಬ್ಯಾಂಕಿನವರಿಗೆ. ಅದಕ್ಕೇ ಆ ಮಾತು ನಮ್ಮವರ ನಾಲಗೆಗೆ ಅಷ್ಟು ರುಚಿಸಿತು. ಗಂಡ ಸತ್ತು ಒಬ್ಬಳೇ ಬದುಕುತ್ತಿದ್ದ ಮೌಶಿಯಂತೂ ನಳದ ಹತ್ತಿರ ನಿಂತು, "ನನ್ನ ಪಗಾರ ಇನ್ನೂ ಆಗಿಲ್ಲವ್ವಾ, ಸಾಹೇಬ್ರು ಸೂಟಿ ಮ್ಯಾಲೆ ಹೋಗ್ಯಾರ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

ಅಷ್ಟರಲ್ಲಿ ರೇಷನ್ ಕಾರ್ಡಿನ ತನಿಖೆಗೆ ಒಬ್ಬ ಬಂದ. "ಮನಿಯಾಗ ಯಾರಿಗರ ಪಗಾರ ಐತೇನ್ರಿ?" ಎಂದು ಕೇಳಿದ. ನಮ್ಮ ಅರ್ಜಿಯೇ ಫಲ ಕೊಟ್ಟಿತೆಂದು ಮೌಶಿ ಹಿಗ್ಗಿದಳು. "ಐತ್ರಿ, ನನಗೈತಿ. ಹೆಸರು ತಪ್ಪದಂಗ ಬರ್ಕೋರಿ." ಅವನು ಬರೆದುಕೊಂಡ. ಕೆಲವು ದಿನ ಕಳೆದು ಅಂಗಡಿಗೆ ಹೋದರೆ ಅಕ್ಕಿ ಇಲ್ಲ, ಪಗಾರ ಇದ್ದವರಿಗೆ ಬಡವರ ಕಾರ್ಡ್ ಕೊಡುವುದಿಲ್ಲ, ನಿಮ್ಮದು ರದ್ದಾಗಿದೆ ಎಂದರು.

ಮೈಯೆಲ್ಲ ಉರಿದುಹೋಯಿತು. ಯಾರನ್ನು ಬೈಯಲಿ? ಆ ಮಾತು ಕಲಿಸಿದವಳೇ ನಾನು! ಚಿಕ್ಕೋಡಿಯ ಕಚೇರಿಗೆ ಮೂರು ಸಲ ಅಲೆದೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಹೋಗುತ್ತಿದ್ದೆ. ಕಡೆಗೆ ಗುಮಾಸ್ತ, "ನನಗ ಪಗಾರ ಇಲ್ಲ ಅಂತ ಬರದು ಆಕಿ ಹೆಬ್ಬಟ್ಟು ಒತ್ತಸ್ರಿ, ಆಗತೈತಿ" ಎಂದ.

ಮರುದಿನ ಮೌಶಿಯನ್ನು ಕರೆದುಕೊಂಡು ಹೋದೆ. ಅಲ್ಲಿಯೇ ಬರೆದು, ಅವಳು ಕೇಳಿದಳೆಂದು ಓದಿ ಹೇಳಿದೆ. ಅವಳು ಕೈ ಹಿಂದೆ ಎಳೆದುಕೊಂಡಳು.

"ಇಲ್ಲ ಅಂತ ನಾನ ಬರದು ಕೊಟ್ರ, ನಾಳಿಗಿ ಕೇಳಾಕ ಬಾಯಿ ಎಲ್ಲಿಂದ ತರ್ಲಿ?"

"ಅದ ಬ್ಯಾರೆ, ಇದ ಬ್ಯಾರೆ ಬೇ!"

"ಹೆಂಗ ಬ್ಯಾರೆ? ಪಗಾರ ಅಂತ ಬರದಾಕಿ ನೀನ, ಇಲ್ಲ ಅಂತ ಬರದಾಕಿನೂ ನೀನ."

"ನಿನಗ ಅಕ್ಕಿ ಬೇಕೋ ಬ್ಯಾಡೋ?" ಎಂದು ನಾನು ಕಿರುಚಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳಿಗೆ ತಿಳಿಸಿ ಹೇಳುವ ತಾಳ್ಮೆ ನನ್ನಲ್ಲಿರಲಿಲ್ಲ. ಅವಳ ಕೈ ಹಿಡಿದು, ಹೆಬ್ಬೆರಳನ್ನು ಶಾಯಿಗೆ ಅದ್ದಿ, ಕಾಗದಕ್ಕೆ ಒತ್ತಿಬಿಟ್ಟೆ. ಊರು ಬರುವವರೆಗೂ ಮೌಶಿ ಸೆರಗಿನಿಂದ ಬೆರಳು ಉಜ್ಜುತ್ತಲೇ ಇದ್ದಳು.

ಕಾರ್ಡ್ ಬಂತು, ಅಕ್ಕಿಯೂ ಬಂತು. ಮುಂದಿನ ಮೋರ್ಚಾಕ್ಕೆ ಮೌಶಿ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. "ನಮ್ಮ ಪಗಾರ!" ಎಂದು ನಾನು ಕೂಗಿದರೆ "ಕೊಡ್ರಿ!" ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಅವಳೊಬ್ಬಳ ಬಾಯಿ ಮಾತ್ರ ಮುಚ್ಚಿತ್ತು. ಹತ್ತಿರ ಹೋಗಿ, "ಕೂಗು ಬೇ" ಎಂದೆ.

"ನೀವು ಕೂಗ್ರಿ" ಎಂದಳು, ಸಿಟ್ಟಿಲ್ಲದೆ. "ನಂದು ಇಲ್ಲ ಅಂತ ಆಗೇತಿ. ನಿಮಗರ ಬರ್ಲಿ ಅಂತ ಬಂದೇನಿ."