ನಾಲ್ಕು ಮಗ್ಗಕ್ಕೂ ನಿಂತ ಹಾಡು

ಆ ಮಾತುಗಳು ನನ್ನವಲ್ಲ. ಆರು ವರ್ಷಗಳಿಂದ ನಮ್ಮ ಆನ್‌ಲೈನ್ ಪುಟದಲ್ಲಿ ಪಂಕ್ ಹಾಡುಗಳ ಬಗ್ಗೆ ನಾನು ಬರೆದದ್ದೆಂದು ನೀವು ಓದಿದಿರಿ, ಮೆಚ್ಚಿದಿರಿ, ಸ್ನೇಹಿತರಿಗೆ ಕಳಿಸಿದಿರಿ. ಅದರಲ್ಲಿ ಚೆಂದದ್ದು ಯಾವುದೂ ನನ್ನದಲ್ಲ. ಎಲ್ಲ ನಮ್ಮ ಅತ್ತಿಗೆಯದು. ಅವರ ಹೆಸರು ರತ್ನಮ್ಮ. ಕೊಳ್ಳೇಗಾಲದ ನಮ್ಮ ಮನೆಯ ಹಿಂದೆಯೇ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಾರೆ. ಹಾಡು ಹುಡುಕಿ ತರುತ್ತಿದ್ದವನು ನಾನು — ಅಷ್ಟು ಮಾತ್ರ ನಿಜ.

ಹೇಗೆ ಶುರುವಾಯಿತು ಅನ್ನುವುದನ್ನು ಹೇಳಿಬಿಡುತ್ತೇನೆ. ನಾನು ಹನೂರಿನ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು. ದಿನಾ ಕೊಳ್ಳೇಗಾಲದಿಂದ ಬಸ್ಸು. ಒಂದು ಬೆಳಿಗ್ಗೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಳೆಯ ಭಾವಗೀತೆ ಕೇಳುತ್ತಿದ್ದೆ. ಅದು ಮುಗಿದದ್ದೇ ತಡ, ಫೋನು ತನ್ನಷ್ಟಕ್ಕೆ ತಾನೇ ಇನ್ನೇನನ್ನೋ ಹಾಕಿತು. ಯಾವ ದೇಶದವರೋ, ಮೂವರು ಹುಡುಗಿಯರು, ಗಿಟಾರು ಹಿಡಿದು ಊರೇ ಎದ್ದು ಬರುವ ಹಾಗೆ ಕೂಗುತ್ತಿದ್ದರು. ಪಂಕ್ ಅನ್ನುವುದು ಇದನ್ನೇ ಎಂದು ಆಮೇಲೆ ತಿಳಿಯಿತು. ಎರಡೇ ನಿಮಿಷ, ಮುಗಿದೇ ಹೋಯಿತು. ಮತ್ತೆ ಹಾಕಿದೆ. ಮತ್ತೆ. ಇಳಿಯಬೇಕಾಗಿದ್ದ ಹನೂರು ಹಿಂದಕ್ಕೆ ಹೋಗಿದ್ದೇ ಗೊತ್ತಾಗಲಿಲ್ಲ. ಕಂಡಕ್ಟರು ಬೈದದ್ದು ಕೂಡ ಅದೇ ಹಾಡಿನ ಮುಂದಿನ ಸಾಲಿನ ಹಾಗೆ ಕೇಳಿಸಿತು.

ಸಂಜೆ ಮನೆಯಲ್ಲಿ ಹಾಕಿ ತೋರಿಸಿದೆ. ಅಣ್ಣ, "ಇವರಿಗೆ ಯಾರಾದರೂ ಮಜ್ಜಿಗೆ ಕೊಡಿ" ಅಂದು ಎದ್ದುಹೋದ. ಅತ್ತಿಗೆ ಮಾತ್ರ ತಲೆ ಒಂದು ಕಡೆ ವಾಲಿಸಿ ಕೇಳಿದರು. ಆಮೇಲೆ, "ಇದ್ನ ಮಗ್ಗದ್ ಮನೇಲಿ ಆಕಪ್ಪ, ನೋಡವ" ಅಂದರು.

ಮಗ್ಗದ ಮನೆಯ ಸದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಲಾಳಿ ಅತ್ತಿಂದಿತ್ತ ಓಡುವಾಗ ಪಕ್ಕದಲ್ಲಿ ನಿಂತವರ ಮಾತು ಕೇಳಿಸದು; ನೇಯುವವರು ಕೈಸನ್ನೆಯಲ್ಲೇ ಸಂಸಾರ ಮಾಡುತ್ತಾರೆ. ಸಿನಿಮಾ ಹಾಡು ಹಾಕಿದರೆ ಅದು ಬಾಯಿ ಆಡಿಸಿದಂತೆ ಕಾಣುತ್ತದೆ, ಅಷ್ಟೆ. ಅತ್ತಿಗೆ ಒಂದು ಮಗ್ಗ ಚಾಲೂ ಮಾಡಿದರು — ಹಾಡು ಕೇಳಿಸುತ್ತಿತ್ತು. ಎರಡನೆಯದು — ಆಗಲೂ. ಮೂರಕ್ಕೂ ಜಗ್ಗಲಿಲ್ಲ. ನಾಲ್ಕನೆಯದೂ ಓಡಿದಾಗ ಆ ಹುಡುಗಿಯರು ಲಾಳಿಯ ಜೊತೆ ಜಿದ್ದಿಗೆ ಬಿದ್ದವರ ಹಾಗೆ ಕೂಗಿದರು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ನಗೆ — ಅದು ಮಾತ್ರ ಸದ್ದಿನಲ್ಲಿ ಕೇಳಿಸಲಿಲ್ಲ, ಭುಜ ಕುಣಿದದ್ದು ಕಂಡಿತು.

ಅಂದಿನಿಂದ ನಮಗೆ ಅದೇ ಹಬ್ಬ. ನಾನು ಬಸ್ಸಿನಲ್ಲಿ ಹೊಸ ಹಾಡು ಹಿಡಿದು ತರುವುದು, ಅವರು ಮಗ್ಗಕ್ಕೆ ಹಚ್ಚಿ ನೋಡುವುದು. ಎರಡು ಮಗ್ಗಕ್ಕೆ ಸೋತದ್ದು, ಮೂರಕ್ಕೆ ನಿಂತದ್ದು, ನಾಲ್ಕಕ್ಕೂ ಬಗ್ಗದ್ದು. ನಿಧಾನದ ಆಲ್ಟರ್ನೇಟಿವ್ ರಾಕ್ ಹಾಡುಗಳಿಗೆ ಬೇರೆಯೇ ನ್ಯಾಯ: ಅವನ್ನು ಮಗ್ಗ ನಿಲ್ಲಿಸಿ, ತುಂಡಾದ ಎಳೆ ಗಂಟು ಹಾಕುವಾಗ ಕೇಳಬೇಕು. ಇಂಗ್ಲಿಷ್ ಒಂದಕ್ಷರ ಬಾರದು ಅವರಿಗೆ. ಆದರೂ ಹಾಡು ಮುಗಿದ ಮೇಲೆ ಅವರು ಒಂದು ಮಾತು ಹೇಳುತ್ತಿದ್ದರು, ಆಮೇಲೆ ಆ ಹಾಡನ್ನು ಬೇರೆ ಥರ ಕೇಳುವುದೇ ಸಾಧ್ಯವಾಗುತ್ತಿರಲಿಲ್ಲ. ಒಂದು ಹಾಡಿಗೆ ನಾನು, ಏನು ಸಿಟ್ಟು ಅತ್ತಿಗೆ ಇವನಿಗೆ ಅಂದೆ. ಅವರೆಂದರು: "ಸಿಟ್ಟಲ್ಲ ಕಣಪ್ಪ. ಅಳ್ತಾವ್ನೆ. ಅಳದು ಯಾರ್ಗೂ ಕೇಳ್ಬಾರ್ದು ಅಂತ ಡ್ರಮ್ ಬಡಿಸ್ಕತಾವ್ನೆ."

ಪುಟ ಶುರುಮಾಡಿದ್ದು ಆ ವಾರವೇ. ಅವರ ಮಾತನ್ನು ತೊಳೆದು, ಇಸ್ತ್ರಿ ಮಾಡಿ, 'ಅಳುವನ್ನು ಲಯದ ಹಿಂದೆ ಬಚ್ಚಿಡುವ ಕಲೆ' ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಮೊದಲ ಸಲ ಸುಮ್ಮನೆ, ಯೋಚಿಸದೆ — ಇಲ್ಲ, ಯೋಚಿಸಿಯೇ. ಅತ್ತಿಗೆ ಅಂತ ಬರೆದು ಅಳಿಸಿದ್ದು ಚೆನ್ನಾಗಿ ನೆನಪಿದೆ. ಪಂಕ್ ಬಗ್ಗೆ ಬರೆಯುವವನಿಗೆ ಅತ್ತಿಗೆ ಹೇಳಿಕೊಟ್ಟರು ಅಂದರೆ ಜನ ನಗುತ್ತಾರೇನೋ ಅಂತ. ಊರೆಲ್ಲ ಏನೆಂದುಕೊಂಡೀತು ಎಂಬ ಹೆದರಿಕೆಯನ್ನೇ ಒದೆಯುವ ಹಾಡುಗಳ ಬಗ್ಗೆ ಬರೆಯುತ್ತ ಕೂತವನ ಹೆದರಿಕೆ ಇದು!

ಪುಟ ಬೆಳೆಯಿತು. ಮಗ್ಗದ ಪರೀಕ್ಷೆಯನ್ನೂ ನನ್ನದೆಂದೇ ಬರೆದಿದ್ದೆ; ನೀವೆಲ್ಲ 'ಮೂರು ಮಗ್ಗ', 'ನಾಲ್ಕು ಮಗ್ಗ' ಎಂದು ಹಾಡಿಗೆ ಅಂಕ ಕೊಡತೊಡಗಿದಿರಿ. ಕುಂತೂರಿನ ಟ್ರ್ಯಾಕ್ಟರ್ ಡ್ರೈವರ್ ಒಬ್ಬರು ಕಬ್ಬಿನ ಲೋಡಿನ ಮೇಲೆ ಸ್ಪೀಕರು ಕಟ್ಟಿ, ನಮ್ಮ ಹಾಡು ಇಂಜಿನ್ನಿಗೂ ನಿಂತಿತು ಸಾ ಎಂದು ವಿಡಿಯೋ ಕಳಿಸಿದರು. ಅದನ್ನು ತೋರಿಸಿದಾಗ ಅತ್ತಿಗೆ ಎಷ್ಟು ನಕ್ಕರೆಂದರೆ, ಒಂದು ಮಗ್ಗ ಎಳೆ ಕಿತ್ತುಕೊಂಡು ನಿಂತದ್ದೂ ಅವರಿಗೆ ತಿಳಿಯಲಿಲ್ಲ. ಹಾಡುಗಳನ್ನು, ವಿಡಿಯೋಗಳನ್ನು ತೋರಿಸುತ್ತಿದ್ದೆ. ಬರೆದದ್ದನ್ನು ಮಾತ್ರ ಒಂದು ದಿನವೂ ಓದಿ ಹೇಳಲಿಲ್ಲ.

ಆಮೇಲೆ, ನಾಲ್ಕು ವರ್ಷದ ಹಿಂದೆ, ನಾವೆಲ್ಲ ಯಳಂದೂರಿನಲ್ಲಿ ಸೇರಿದೆವಲ್ಲ — ಬಂದಿದ್ದವರಿಗೆ ನೆನಪಿರಬಹುದು, ಹದಿನೈದಿಪ್ಪತ್ತು ಜನ, ಒಂದು ಬಾಡಿಗೆ ಸ್ಪೀಕರು, ಉಪ್ಪಿಟ್ಟು. ಹೊರಡುವ ಬೆಳಿಗ್ಗೆ ಅತ್ತಿಗೆ ತಲೆ ಬಾಚಿಕೊಂಡು ಬಂದು ಕೇಳಿದರು: "ನಾನೂ ಬರ್ಲಾ?"

ನಾನು ಹೇಳಿದೆ: "ನಿಮ್ಗಲ್ಲೇನ್ ಕೆಲ್ಸ ಅತ್ತಿಗೆ, ಬೇಜಾರಾಯ್ತದೆ."

ಇಷ್ಟೇ. ಅವರು ಸರಿ ಅಂದು ಮಗ್ಗ ಚಾಲೂ ಮಾಡಿದರು.

ಅಲ್ಲಿ ಅಳುವ ಹುಡುಗನ ಆ ಹಾಡು ಹಾಕಿ, ಅತ್ತಿಗೆಯ ಮಾತು ಹೇಳಿ, ಚಪ್ಪಾಳೆ ತೆಗೆದುಕೊಂಡೆ. ಮುಗಿದ ಮೇಲೆ ಕಾಲೇಜು ಹುಡುಗಿಯೊಬ್ಬಳು ಹತ್ತಿರ ಬಂದಳು. ಬಕೆಟ್ಟು ಬೋರಲು ಹಾಕಿಕೊಂಡು ಡ್ರಮ್ ಕಲಿಯುತ್ತಿದ್ದೇನೆ ಅಂದಳು. ಅವಳ ಅಮ್ಮನೂ ಮಗ್ಗದವರಂತೆ. ಈ ಹಾಡು ಕೇಳುವುದು ತಲೆಕೆಟ್ಟವರ ಕೆಲಸ ಅನ್ನುತ್ತಾರಂತೆ, ಬಕೆಟ್ಟನ್ನೂ ಎತ್ತಿಟ್ಟಿದ್ದಾರಂತೆ. ಆಮೇಲೆ ಕೇಳಿದಳು: "ಸಾ, ನಮ್ಮಮ್ಮನಂತೋರು ಯಾರಾರ ಒಬ್ರು ಇದ್ನ ಕೇಳೋರು ಅವ್ರಾ? ಇದ್ರೆ ನಮ್ಮಮ್ಮನ್ ಜೊತೆ ಮಾತಾಡ್ಸ್ತಿದ್ದೆ."

ಬಾಯಿ ತೆರೆದಿದ್ದರೆ ಸಾಕಿತ್ತು. ಫೋನು ಮಾಡಿ ಕೊಟ್ಟಿದ್ದರೆ ಸಾಕಿತ್ತು. ಸುತ್ತ ಎಲ್ಲರೂ ನಿಂತಿದ್ದರು. ನಾನು, "ಗೊತ್ತಿಲ್ಲಮ್ಮ" ಅಂದೆ.

ಮನೆಗೆ ಬಂದಾಗ ಅತ್ತಿಗೆ ತಟ್ಟೆ ಇಟ್ಟು, ಯಾವ ಹಾಡಿಗೆ ಜನ ಕುಣಿದರು, ಉಪ್ಪಿಟ್ಟು ಹೇಗಿತ್ತು ಎಂದೆಲ್ಲ ಹೇಳಿಸಿಕೊಂಡರು. ಕೊನೆಗೆ, ನನ್ನ ಮಾತು ಏನಾದರೂ ಹೇಳಿದೆಯಾ ಅಂದರು. ಟೈಮೇ ಸಿಗಲಿಲ್ಲ ಅಂದೆ. ಗುಟ್ಟನ್ನೂ ಕೆಮ್ಮನ್ನೂ ಬಹಳ ಹೊತ್ತು ಹಿಡಿಯಕ್ಕಾಗಲ್ಲ ಅನ್ನುತ್ತಿದ್ದರು ನನ್ನನ್ನು ಸಾಕಿದ ಅಜ್ಜಿ. ನಾನು ಆಮೇಲೂ ನಾಲ್ಕು ವರ್ಷ ಹಿಡಿದೆ.

ಹೋದ ಭಾನುವಾರ ಎಲ್ಲವನ್ನೂ ಅತ್ತಿಗೆಗೆ ಹೇಳಿದೆ. ಮೊದಲಿಂದ ಪುಟ ಓದು ಅಂದರು; ಓದಿದೆ. 'ಲಯದ ಹಿಂದೆ ಬಚ್ಚಿಡುವ ಕಲೆ' ಬಂದಾಗ ತಡೆದರು: "ಇದ್ಯಾರ್ ಮಾತ್ಲಾ? ನಾನಿಂಗೆ ಯಾವತ್ತ್ ಅಂದಿದ್ದೆ? ಕದ್ದೋನು ಕದ್ದೆ, ಕೆಡಿಸ್ಬುಟ್ಟು ಯಾಕ್ ಇಟ್ಟೆ?" ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ನನಗೆ 'ಅಪ್ಪ' ಬಿಟ್ಟು 'ಲಾ' ಹಚ್ಚಿದ್ದು ಅದೇ ಮೊದಲು. ಅಣ್ಣ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅತ್ತಿಗೆಯೂ ನಕ್ಕರು. ನಾನೂ. ಒಂದೊಂದಾಗಿ ಎಲ್ಲವನ್ನೂ ತಿದ್ದಿಸಿದರು, ಮಧ್ಯಾಹ್ನದ ಅಡುಗೆಯೇ ಆಗಲಿಲ್ಲ.

ಹುಡುಗಿಯ ವಿಷಯ ಹೇಳಿದಾಗ ಮಾತ್ರ ನಗು ನಿಂತಿತು. ಅಂದರು: "ನನ್ ಮಾತು ತಕಂಡ್ರೆ ತಕೋ. ಆ ಮಗಿಗೆ ಇಲ್ಲ ಅಂದ್ಬುಟ್ಯಲ್ಲಪ್ಪ."

 

ಇವತ್ತಿನಿಂದ ಈ ಪುಟ ರತ್ನಮ್ಮನವರದು. ಅವರ ಮಾತು ಅವರ ದನಿಯಲ್ಲೇ ಬರುತ್ತದೆ, ಹಿಂದೆ ಮಗ್ಗದ ಸದ್ದಿದ್ದರೆ ಇರಲಿ. ಹಾಡು ಹುಡುಕುವ ಕೆಲಸ ಬಿಟ್ಟುಕೊಡಬೇಡ ಅಂದಿದ್ದಾರೆ, ಅದೊಂದು ನನ್ನದು.

ಯಳಂದೂರಿನ ತಂಗಿ, ನಿನ್ನ ಹೆಸರನ್ನೂ ಕೇಳಲಿಲ್ಲ ನಾನು. ನೀನು ಇದನ್ನು ಓದುತ್ತೀಯೋ, ಬಕೆಟ್ಟು ವಾಪಸು ಸಿಕ್ಕಿತೋ, ಇನ್ನೂ ಬಾರಿಸುತ್ತೀಯೋ — ತಿಳಿಯದು. ಅವತ್ತು ಗೊತ್ತಿಲ್ಲ ಅಂದದ್ದು ಸುಳ್ಳು. ಇದ್ದಾರೆ. ನಿನ್ನ ಅಮ್ಮನ ಜೊತೆ ಮಾತಾಡಲು ಕಾಯುತ್ತಿದ್ದಾರೆ.