ಮೊಳ ದಪ್ಪದ ಗೋಡೆ

ಬೆಳಕು ಹರಿಯುವ ಹೊತ್ತಿಗೆ ಇನ್ನಾಸಮ್ಮನ ತೋಳು ಮೊಳಕೈವರೆಗೂ ಒದ್ದೆ. ಮೊರದಲ್ಲಿ ಮಲಗಿಸಿದ ಗಂಡುಕೂಸು ಅಳುತ್ತಿಲ್ಲ. ಬೆನ್ನು ತಿಕ್ಕಿದ್ದಾಯಿತು, ಕಾಲು ಹಿಡಿದು ತಲೆಕೆಳಗು ಮಾಡಿದ್ದಾಯಿತು, ಬಾಯಿಗೆ ಬಾಯಿಟ್ಟು ಊದಿದ್ದಾಯಿತು, ಒಲೆಯ ಶಾಖಕ್ಕೆ ಹಿಡಿದ ಬಟ್ಟೆಯಲ್ಲಿ ಸುತ್ತಿದ್ದೂ ಆಯಿತು. ಹೆತ್ತ ತೆರೇಸಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಾಳೆ. ಬಾಗಿಲಾಚೆ ಅವಳ ಗಂಡ ರಾಯಪ್ಪ ಗುದ್ದಲಿ ಹಿಡಿದು ನಿಂತಿದ್ದಾನೆ.

"ಯಾವ್ ಕಡೆ ಅಗೀಲಿ ಇನ್ನಾಸಕ್ಕ? ಗೋಡೆ ಒಳಗೋ, ಆಚೆಗೋ?"

ಇನ್ನಾಸಮ್ಮ ಚೀಲದಿಂದ ಹಿತ್ತಾಳೆಯ ಗಿಂಡಿ ತೆಗೆದು, ಕೂಸಿನ ಹಣೆಗೆ ಮೂರು ಸಲ ನೀರು ಬಿಟ್ಟು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾಳೆ. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಒಸಿ ತಡ್ಕೊಳ್ಳಪ್ಪ. ಸಾಮೇರ ತಾವ ಹೋಗ್ಬತ್ತೀನಿ," ಎನ್ನುತ್ತಾಳೆ.

ಹೊರಗಿನವರಿಗೆ ರಾಯಪ್ಪನ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ಕಾನಕಾನಹಳ್ಳಿ ತಾಲ್ಲೂಕಿನಲ್ಲಿ, ಸಾತನೂರಿನ ಆಚೆ ಇರುವ ಕ್ರೈಸ್ತರ ಹಳ್ಳಿ ಇದು. ಊರಿನ ಹೆಸರು ಬರೆಯುವುದಿಲ್ಲ, ಇಲ್ಲಿನವರ ಹೆಸರುಗಳನ್ನೂ ಬದಲಿಸಿದೆ. ಜ್ಞಾನಸ್ನಾನವಾಗದೆ ಸತ್ತ ಕೂಸಿಗೆ ಇಲ್ಲಿನ ಸ್ಮಶಾನದ ಗೋಡೆಯೊಳಗೆ ಜಾಗವಿಲ್ಲ. ಸಾಯುವಂತಿರುವ ಕೂಸಿಗೆ ಪಾದ್ರಿಗಳು ಬರುವ ತನಕ ಕಾಯದೆ ಸೂಲಗಿತ್ತಿಯೇ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು. ಆದರೆ ಅದಕ್ಕೆ ಉಸಿರಿರಬೇಕು. ಸತ್ತು ಹುಟ್ಟಿದ್ದಕ್ಕೆ ಎಷ್ಟು ಹಾಕಿದರೂ ಅದು ಬರೀ ನೀರು. ಅಂಥದ್ದನ್ನು ಶಿಲುಬೆಯಿಲ್ಲದೆ, ಪ್ರಾರ್ಥನೆಯಿಲ್ಲದೆ ಆಚೆಗೆ ಹೂತು, ನಾಯಿ ಕೆರೆಯದಂತೆ ಒಂದು ಕಲ್ಲು ಎಳೆದು ಬರಬೇಕು.

ಇನ್ನಾಸಮ್ಮನಿಗೆ ಈಗ ನಲವತ್ತೈದು ದಾಟಿದೆ. ಗಂಡನಿಲ್ಲ. ತಿಂಗಳಿಗೆ ಆರೇಳು ಹೆರಿಗೆ, ಕೆಲವು ಸಲ ದಿನಕ್ಕೆ ಎಂಟು ಮೈಲಿ ನಡಿಗೆ. ಒಕ್ಕಲಿಗರ ಹಟ್ಟಿಯಿರಲಿ, ಸಾಬರ ಮನೆಯಿರಲಿ, ಕರೆದವರಿಗೆ ಇಲ್ಲವೆಂದಿಲ್ಲ. ಗಾಡಿ ಕಟ್ಟಿ ಕಾನಕಾನಹಳ್ಳಿಯ ಆಸ್ಪತ್ರೆ ಮುಟ್ಟುವುದರೊಳಗೆ ಆಗುವುದೆಲ್ಲ ಆಗಿಹೋಗಿರುತ್ತದೆ. ಈ ಸುತ್ತಿನ ಬಸುರಿಯರಿಗೆ ಇವಳೇ ಆಸ್ಪತ್ರೆ.

ಕೆಲಸ ಕಲಿಸಿದವರು ಯಾರೆಂದು ಕೇಳಿದರೆ ಮುಖ ಗಂಟಿಕ್ಕುತ್ತಾಳೆ. "ನಮ್ಮವ್ವ. ಇನ್ಯಾರು."

ಅವ್ವ ಎಂದರೆ ಚೌರಮ್ಮ. ಮೂರು ಹೊತ್ತೂ ಜಪಸರ ಬಿಡದವಳು, ತಪಸ್ಸುಕಾಲದ ನಲವತ್ತು ದಿನ ಒಪ್ಪತ್ತು ಉಂಡವಳು, ಆ ಉಳಿದ ಇನ್ನೊಪ್ಪತ್ತನ್ನು ಬಾಣಂತಿಯರ ಮನೆಗೆ ಹೊತ್ತವಳು. ಸಾತನೂರಿನ ತವರಿಗೆ ಹೆರಿಗೆಗೆಂದು ಬಂದ ಗುಲ್ಜಾರ್ ಬೀ ಬದುಕುಳಿದಾಗ, ಅವಳ ಗಂಡ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಖಲಂದರ್, ಮರದ ಮಣಿಗೆ ಕೆಂಪು ಅರಗು ಹಚ್ಚಿ ಒಂದು ಜಪಸರ ಮಾಡಿಕೊಟ್ಟಿದ್ದ. ಚೌರಮ್ಮ ಯಾರಿಗೂ ಕೊಡದೆ ಇಟ್ಟುಕೊಂಡದ್ದು ಅದೊಂದನ್ನೇ ಇರಬೇಕು.

"ನನ್ ಮದ್ವೆಗೆ ಅಂತ ಮಡಗಿದ್ದ ಸೀರೆ," ಎನ್ನುತ್ತಾಳೆ ಇನ್ನಾಸಮ್ಮ. "ಪೆಟ್ಗೆ ತೆಗೆದು ನೋಡುದ್ರೆ ಅರ್ಧ ಇಲ್ಲ. 'ಯಲ್ಲಮ್ಮನ ಮಗೀಗೆ ಸುತ್ತಕ್ಕೆ ಬಟ್ಟೆ ಇರ್ಲಿಲ್ಲ ಕಣವ್ವ' ಅಂದ್ಲು. ನಾನು ಹಳೇ ಸೀರೆ ಉಟ್ಕೊಂಡು ತಾಳಿ ಕಟ್ಟಿಸ್ಕೊಂಡೆ. ಅವ್ಳು ನಗ್ತಾ ನಿಂತವ್ಳೆ, ಒಸೀನೂ ನಾಚ್ಕೆ ಇಲ್ಲ." ಇಪ್ಪತ್ತೈದು ವರ್ಷವಾದರೂ ಈ ಸಿಟ್ಟು ಇಳಿದಿಲ್ಲ.

ಸೀರೆಯ ಸಿಟ್ಟಾದರೂ ಸಣ್ಣದು. ಸಾವಿರದ ಒಂಬೈನೂರ ಹದಿನೈದನೇ ಇಸವಿಯಲ್ಲಿ ಊರಲ್ಲಿ ನಾಲ್ಕು ಕೂಸುಗಳು ಒಂದರ ಹಿಂದೊಂದು ಸತ್ತೇ ಹುಟ್ಟಿದವು. ತಾಯಂದಿರ ಗೋಳು ನೋಡಲಾರದೆ ಚೌರಮ್ಮ ನಾಲ್ಕಕ್ಕೂ ನೀರು ಹಾಕಿದಳು. ಸೂಲಗಿತ್ತಿ ನೀರು ಹಾಕಿದ್ದಾಳೆ ಎಂದಮೇಲೆ ಯಾರೂ ಹೆಚ್ಚು ಕೇಳಲಿಲ್ಲ, ನಾಲ್ಕನ್ನೂ ಸ್ಮಶಾನದ ಒಂದು ಮೂಲೆಯಲ್ಲಿ ಒಳಗೇ ಹೂತರು. ಮರುವರ್ಷ ಹೊಸ ಪಾದ್ರಿಗಳು ಬಂದರು. ಯಾರೋ ಅವರ ಕಿವಿಯಲ್ಲಿ ಊದಿದರು. ಭಾನುವಾರದ ಪೂಜೆ ಮುಗಿದಮೇಲೆ, ಎಲ್ಲರೆದುರು ಅವರು ಚೌರಮ್ಮನನ್ನು ಒಂದೇ ಮಾತು ಕೇಳಿದರು: ಆ ಕೂಸುಗಳಿಗೆ ಉಸಿರಿತ್ತೇ?

"'ಇತ್ತು' ಅನ್ನಕ್ಕೆ ಎಷ್ಟೊತ್ತು ಬೇಕು? ಎರಡಕ್ಷರ," ಎನ್ನುತ್ತಾಳೆ ಮಗಳು. "ಅವ್ವ ಪೀಠದ್ ಕಡೆ ನೋಡುದ್ಲು. ಸಾಮೇರ್ ಕಡೆ ನೋಡುದ್ಲು. 'ಇಲ್ಲ ಸಾಮಿ' ಅಂದ್ಬುಟ್ಲು."

ಮೊಣಕಾಲೂರಿ ತಪ್ಪಾಯಿತು ಎನ್ನು, ಕ್ಷಮಿಸುತ್ತೇನೆ ಎಂದರು ಪಾದ್ರಿಗಳು. ಚೌರಮ್ಮ ಮೊಣಕಾಲೂರಿದಳು, ಆದರೆ ಆ ಮಾತು ಬರಲಿಲ್ಲ. "ತಪ್ಪು ಅಂತ ನಂಗೆ ಅನ್ನಿಸ್ತಾನೇ ಇಲ್ವಲ್ಲ ಸಾಮಿ. ಅನ್ನಿಸ್ದೆ ಎಂಗೆ ಹೇಳ್ಲಿ?" ಎಂದಳಂತೆ. ಅಲ್ಲಿಗೆ ಅವಳಿಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ನಿಂತಿತು. ಹೂತ ಕೂಸುಗಳನ್ನು ಅಗೆದು ತೆಗೆಯಲು ಪಾದ್ರಿಗಳಿಗೂ ಕೈ ಬರಲಿಲ್ಲವೋ ಏನೋ. ಬದಲಿಗೆ ಆ ಮೂಲೆಯ ಗೋಡೆ ಕೆಡವಿಸಿ, ನಾಲ್ಕು ಗುಂಡಿಗಳನ್ನು ಆಚೆಗೆ ಬಿಟ್ಟು, ಈಚೆಯಿಂದ ಮೊಳ ದಪ್ಪದ ಹೊಸ ಗೋಡೆ ಎಳೆಸಿದರು. ಕಲ್ಲು ಹೊತ್ತವರು ಊರ ಗಂಡಸರೇ. ಆ ನಾಲ್ಕು ಕೂಸುಗಳ ಅಪ್ಪಂದಿರೂ ಅವರಲ್ಲಿದ್ದರು.

ಎರಡು ವರ್ಷ ಚೌರಮ್ಮ ಪ್ರತಿ ಭಾನುವಾರ ಗುಡಿಯ ಮೆಟ್ಟಿಲ ಮೇಲೆ ಕುಳಿತು ಪೂಜೆ ಕೇಳಿದಳು. ಹದಿನೆಂಟನೇ ಇಸವಿಯ ಜ್ವರ ಬಂದಾಗ, ಕಲ್ಲು ಹೊತ್ತವರ ಮನೆಮನೆಗೂ ಗಂಜಿ ಹೊತ್ತಳು. ಅದೇ ಜ್ವರ ಅವಳನ್ನೂ ಕೊಂಡೊಯ್ದಿತು. ತಪ್ಪೊಪ್ಪಿಕೊಳ್ಳದೆ ಸತ್ತವಳಿಗೆ ಒಳಗೆ ಜಾಗವಿಲ್ಲ ಎಂದರು ಪಾದ್ರಿಗಳು. ಅವಳನ್ನು ಆ ನಾಲ್ಕು ಕೂಸುಗಳ ಪಕ್ಕದಲ್ಲೇ ಹೂಳಬೇಕಾಯಿತು.

"ಅರ್ಧ ಊರು ಅವಳ ಕೈಯಾಗೆ ಹುಟ್ಟಿತ್ತು. ಒಬ್ನಾದ್ರೂ ಬಾಯ್ ಬುಟ್ನಾ?" ಎನ್ನುತ್ತಾಳೆ ಇನ್ನಾಸಮ್ಮ. "ಹೆಣ ಹೊರಕ್ಕೂ ಜನ ಬರ್ಲಿಲ್ಲ. ಕೊನೀಗೆ ಚನ್ನಪಟ್ಣದಿಂದ ಖಲಂದರ್ ಸಾಬ್ರು, ಅವರ ತಮ್ದೀರು ಗಾಡಿ ಕಟ್ಕೊಂಡ್ ಬಂದು ಹೆಗಲು ಕೊಟ್ರು."

ಈಗ ಅದೇ ಊರು ಚೌರಮ್ಮನನ್ನು ಪುಣ್ಯಾತ್ಗಿತ್ತಿ ಎನ್ನುತ್ತದೆ. ಸತ್ತವಳನ್ನು ಹೊಗಳಲು ಧೈರ್ಯವೇನೂ ಬೇಕಾಗಿಲ್ಲ. ಈ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಇನ್ನಾಸಮ್ಮ ಎದ್ದು ಹೋಗುತ್ತಾಳೆ.

ಅವ್ವ ಸತ್ತಮೇಲೆ ಈ ಕೆಲಸವೇ ಬೇಡವೆಂದು ಮೂರು ತಿಂಗಳು ಬಾಗಿಲು ಹಾಕಿಕೊಂಡಿದ್ದಳಂತೆ. ಆದರೆ ನೋವು ತಿನ್ನುವವಳು ಬಾಗಿಲಿಗೇ ಬಂದು ಒರಗಿದರೆ ಏನು ಮಾಡುವುದು? ಅಂದು ಗಿಂಡಿ ಕೈಗೆತ್ತಿಕೊಂಡವಳು ಇನ್ನೂ ಇಳಿಸಿಲ್ಲ.

ಈ ಬೆಳಗ್ಗೆಯೂ ಅದೇ ಗಿಂಡಿ ಹಿಡಿದು ಪಾದ್ರಿಗಳ ಮನೆಯ ಜಗಲಿಯ ಕೆಳಗೆ ನಿಂತಿದ್ದಾಳೆ. ಇವರು ಬೇರೆ ಪಾದ್ರಿಗಳು, ವಯಸ್ಸಾದವರು. ಜ್ಞಾನಸ್ನಾನದ ಪುಸ್ತಕ ಬಿಡಿಸಿಕೊಂಡು, ತಲೆಯೆತ್ತದೆ ಕೇಳುತ್ತಾರೆ: "ಉಸಿರಿತ್ತೇನಮ್ಮ?"

"ಇತ್ತು ಸಾಮಿ. ನೀರ್ ಬೀಳೋಗಂಟ ಇತ್ತು."

ಪಾದ್ರಿಗಳು ಬರೆದುಕೊಳ್ಳುತ್ತಾರೆ. ಹದಿಮೂರು ವರ್ಷದಲ್ಲಿ ಊರಿನ ಹನ್ನೊಂದು ಕೂಸುಗಳು ಇವಳ ಕೈಯಲ್ಲಿ ಹೋಗಿವೆ. ಹನ್ನೊಂದಕ್ಕೂ ಉಸಿರಿತ್ತು, ಇವಳ ಮಾತಿನ ಪ್ರಕಾರ. ಒಂದೂ ಗೋಡೆಯ ಆಚೆ ಹೋಗಿಲ್ಲ.

ಪಾಪನಿವೇದನೆಯಲ್ಲಿ ಎಲ್ಲವನ್ನೂ ಹೇಳುವ ಇನ್ನಾಸಮ್ಮ ಇದೊಂದನ್ನು ಮಾತ್ರ ಹೇಳುವುದಿಲ್ಲ. "ಹೇಳುದ್ರೆ ಇನ್ಮೇಲೆ ಮಾಡಕ್ಕಿಲ್ಲ ಅಂತ ಮಾತ್ ಕೊಡ್ಬೇಕಲ್ಲ. ಅದಾಗಕ್ಕಿಲ್ಲ. ಮ್ಯಾಕೆ ಹೋದಾಗ ಆ ದೇವ್ರೇ ಕೇಳ್ಲಿ, ಅವ್ನಿಗೆ ಹೇಳ್ಕೋತೀನಿ." ನಿಜಕ್ಕೂ ಭಯವಿದೆ ಅವಳಿಗೆ. ಅವಳೂ ಚೌರಮ್ಮನ ಮಗಳೇ, ನರಕವನ್ನು ನಂಬಿದವಳೇ.

ಗೋಡೆಯೊಳಗೆ ರಾಯಪ್ಪನ ಗುದ್ದಲಿಯ ಸದ್ದು ಕೇಳುತ್ತಿದೆ. ಇನ್ನಾಸಮ್ಮ ಗೋಡೆ ಬಳಸಿಕೊಂಡು ಆಚೆಯ ಮೂಲೆಗೆ ಬಂದು, ಅವ್ವನ ಮೇಲೆ ಬೆಳೆದ ಹುಲ್ಲು ಕೀಳಲು ಕೂರುತ್ತಾಳೆ. ಕೆಂಪು ಮಣಿಯ ಜಪಸರ ಅವಳ ಕೊರಳಲ್ಲಿದೆ, ಅರಗು ಅಲ್ಲಲ್ಲಿ ಎದ್ದುಹೋಗಿದೆ. ನಿನಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಕಿತ್ತ ಹುಲ್ಲನ್ನು ಗೋಡೆಯ ಬುಡಕ್ಕೆ ಎಸೆಯುತ್ತಾಳೆ.

"ನಿಜ ಹೇಳ್ದೋಳು ಇಲ್ಲಿ ಆಚೆ ಮಲಗವ್ಳೆ. ಸುಳ್ಳು ಹೇಳೋಳ್ನ ಒಳಗೇ ಮಲಗಿಸ್ತಾರೆ, ಶಿಲುಬೆ ನೆಟ್ಟು," ಎನ್ನುತ್ತಾಳೆ. "ಮಲಗಿಸ್ಲಿ. ಆದ್ರೆ ನಾ ಸತ್ತಾಗ ಈ ಮೂಲೇಲೇ, ಒಳಗಡೆಯಿಂದ ಗೋಡೆಗೆ ಒತ್ಕೊಂಡಂಗೆ ಗುಂಡಿ ತೋಡಕ್ಕೆ ಹೇಳಿವ್ನಿ ರಾಯಪ್ಪಂಗೆ. ನಮ್ಮವ್ವಂಗೂ ನಂಗೂ ನಡುವೆ ಗೋಡೆ ಒಂದೇ ಇರ್ಲಿ, ಒಂದ್ ಮೊಳ. ಅದ್ಕಿಂತ ದೂರ ಬ್ಯಾಡ."