ಆನೆಯ ಎಲುಬಿಗೆ ಪ್ಲಾಸ್ಟರ್

“ಯಾರ ಎಲುಬು ಮುರದೈತ್ರಿ?” ಎಂದು ಕೇಳಿದೆ. ರಾಣೇಬೆನ್ನೂರಿನ ಔಷಧಿ ಅಂಗಡಿಯಲ್ಲಿದ್ದ ಪ್ಲಾಸ್ಟರ್ ಪಟ್ಟಿಗಳನ್ನೆಲ್ಲ ಒಬ್ಬ ಯುವತಿ ಚೀಲಕ್ಕೆ ತುಂಬುತ್ತಿದ್ದಳು.

“ಆನೀದ್ರಿ. ಅದು ಸತ್ತು ಸಾವಿರಾರು ವರ್ಷ ಆಗ್ಯಾವ್ರಿ” ಎಂದಳು.

ಅವಳು ಧಾರವಾಡದ ಪಳೆಯುಳಿಕೆ ಸಂಶೋಧಕಿ. ಮೇಡ್ಲೇರಿ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಆನೆಯ ಕಾಲಿನ ಎಲುಬೊಂದು ಸಿಕ್ಕಿತ್ತಂತೆ. ಬಿಸಿಲಿಗೆ ಬಿರಿಯುತ್ತಿದ್ದ ಅದನ್ನು ಪ್ಲಾಸ್ಟರ್ ಹಾಕದೆ ಎತ್ತಿದರೆ ಪುಡಿಯಾಗುತ್ತದೆ ಎಂದಳು. ನಾನು ಎಲುಬಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವವನು. ಅಂದು ರಜೆಯಿತ್ತು. ಬೈಕ್ ಹತ್ತಿ ಅವಳ ಜೀಪಿನ ಹಿಂದೆಯೇ ಹೋದೆ.

ಅವಳ ಜೊತೆಯವರು ಎಲುಬಿನ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ಬಿಡಿಸಿದ್ದರು. ಪ್ಲಾಸ್ಟರ್ ಅಂಟಬಾರದೆಂದು ಅವಳು ಮೊದಲು ಒದ್ದೆ ಕಾಗದ ಹೊದಿಸಿದಳು, ನಾವು ರೋಗಿಗಳಿಗೆ ಹತ್ತಿ ಸುತ್ತುವ ಹಾಗೆಯೇ. ಪಟ್ಟಿ ನೆನೆಸಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮಂಡಿಯೂರಿ ಕುಳಿತವನು ರೂಢಿಯಂತೆ, “ಅಲುಗಾಡಬ್ಯಾಡ” ಎಂದುಬಿಟ್ಟೆ. ಎಲ್ಲರೂ ನಕ್ಕರು. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಆರು ಜನ ಸೇರಿ ಎಲುಬನ್ನು ಹೊರಳಿಸಿದೆವು. ಒಂದು ಚೂರೂ ಉದುರಲಿಲ್ಲ.

ಕೆಲವು ತಿಂಗಳ ನಂತರ ಅವಳ ಫೋನ್ ಬಂತು. “ಪ್ಲಾಸ್ಟರ್ ಬಿಚ್ಚಿ ನೋಡಿದ್ವಿರಿ, ಅಣ್ಣಾರ. ಆನಿ ಬದುಕಿದ್ದಾಗ ಒಮ್ಮೆ ಎಲುಬು ಸೀಳಿತ್ತು, ಆಮ್ಯಾಲೆ ತಾನ ಕೂಡಿದ ಗುರುತು ಐತ್ರಿ. ಅದರ ಮ್ಯಾಲೆ ಭಾಳ ವರ್ಷ ನಡದಾಡೇತಿ.”

ಈಗ ಕೈಯೋ ಕಾಲೋ ಮುರಿದುಕೊಂಡು ಅಳುತ್ತ ಬರುವ ಮಕ್ಕಳಿಗೆಲ್ಲ ಆ ಆನೆಯ ಸುದ್ದಿ ಹೇಳುತ್ತೇನೆ. ಕಥೆಯಲ್ಲಿ ಅದು ಮತ್ತೆ ಎದ್ದು ನಡೆಯುವಷ್ಟರಲ್ಲಿ ಅವರಿಗೆ ಪ್ಲಾಸ್ಟರ್ ಹಾಕಿ ಮುಗಿದಿರುತ್ತದೆ.